ಸಾಲದ ತೋಳ್ಬಲ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟಗಳಲ್ಲಿ ಕೊನೆಗೌಡನು ಒಂದು ಅಡಕೆಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದನ್ನು ಕಂಡವರಿಗೆ ತೋಳ್ಬಲವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದು ವರ್ಷಗಳ ದುಡಿಮೆಯಿಂದ ಬಂದ ಬಲ. ಮಾಂಸಖಂಡದೊಡನೆ ಅದನ್ನು ಎಲುಬಿಗೆ ಬಿಗಿದ ಹುರಿಯೂ, ಎಂದರೆ ಸ್ನಾಯುರಜ್ಜುವೂ, ಗಟ್ಟಿಗೊಂಡಿರುತ್ತದೆ. ಕೆಲವೇ ವಾರಗಳಲ್ಲಿ ಅಂಥ ತೋಳನ್ನು ಕೊಡುವುದಾಗಿ ಆಸೆ ತೋರಿಸುವ ಮಾತ್ರೆ, ಚುಚ್ಚುಮದ್ದುಗಳ ವಿಚಾರವಾಗಿ ನಾನು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇವನ್ನು ಅನಬಾಲಿಕ್ ಸ್ಟೀರಾಯ್ಡ್‌ಗಳೆನ್ನುತ್ತಾರೆ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರೋನನ್ನು ವಿಜ್ಞಾನಿಗಳು 1935ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇವು ಅದರ ರೂಪಾಂತರಗಳು. ಉಬ್ಬಸಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆಯೇ ಜಾತಿಯದು, ಅದಕ್ಕೆ ಅಂಜಬೇಕಾಗಿಲ್ಲ.

ಈ ಮದ್ದು ಮಾಂಸಖಂಡದ ಎಳೆಗಳನ್ನು ಬೇಗನೆ ದಪ್ಪವಾಗಿಸುತ್ತದೆ. ರಕ್ತಸಂಚಾರ ಕಡಮೆಯಿರುವ ರಜ್ಜುವಾದರೋ ಆ ವೇಗಕ್ಕೆ ಹೊಂದಿಕೊಳ್ಳಲಾರದು. ತೋಳು ಎತ್ತಿದ ಭಾರವನ್ನು ತಾಳಲಾರದೆ ಅದು ಹರಿಯುವುದುಂಟು. ಮದ್ದಿನ ಬೆಂಬಲದಲ್ಲಿ ಮಿತಿಮೀರಿ ವ್ಯಾಯಾಮ ಮಾಡಿದವರ ಮಾಂಸದ ಎಳೆಗಳೇ ಒಡೆದು, ಮಯೊಗ್ಲೋಬಿನ್ ಎಂಬ ಕೆಂಪು ದ್ರವ್ಯ ರಕ್ತಕ್ಕಿಳಿದು, ಮೂತ್ರಪಿಂಡಗಳನ್ನು ಕೆಡಿಸಿದ ಪ್ರಸಂಗಗಳೂ ದಾಖಲಾಗಿವೆ. ಮೈಕೈ ನೋವಿನೊಡನೆ ಮೂತ್ರವು ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೃದಯವೂ ಮಾಂಸಖಂಡವೇ ಅಲ್ಲವೆ? ಅದರ ಗೋಡೆಯೂ ದಪ್ಪವಾಗುತ್ತದೆ. ಆದರೆ ರಕ್ತವನ್ನು ತಳ್ಳುವ ಶಕ್ತಿ ಕುಗ್ಗುತ್ತ ಬರಬಹುದು.

ತಿಳಿದು ತಿಂದವರ ಮಾತು ಇದಾಯಿತು. ತಿಳಿಯದೆ ಮೈ ಸೇರುವ ಅಪಾಯವೂ ಇದೆ. ಹೊಸನಗರದಿಂದ ಹುಲಿಕಲ್ ಘಾಟಿಯನ್ನಿಳಿದರೆ ಸಿಕ್ಕುವ ಸಿದ್ದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಾಗ ನಾಡೇ ಹಿಗ್ಗಿತು. 2011ರ ಪರೀಕ್ಷೆಯಲ್ಲಿ ಇಂಥ ಸ್ಟೀರಾಯ್ಡ್ ಕಂಡುಬಂದಿತು. ಜಿನ್ಸೆಂಗ್ ಎಂಬ ಬೇರಿನ ಪುಷ್ಟಿಮದ್ದಿನ ಮೂಲಕ ಅದು ತಮಗರಿವಿಲ್ಲದೆ ಸೇರಿತೆಂಬುದು ಅವರ ವಾದವಾಗಿತ್ತು. ಆದರೂ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು ಒಂದು ವರ್ಷದ ನಿಷೇಧವನ್ನು ಎರಡಕ್ಕೇರಿಸಿತು. ಡಬ್ಬಿಯೊಳಗಿರುವುದೆಲ್ಲ ಡಬ್ಬಿಯ ಮೇಲೆ ಬರೆದಿರಲೇಬೇಕೆಂದಿಲ್ಲ ಎಂಬ ಎಚ್ಚರಿಕೆಗಾಗಿ ಇದನ್ನು ನೆನೆದೆ. ನಮ್ಮ ಪೇಟೆಗಳ ಜಿಮ್ಮುಗಳಿಗೆ ಹೋಗುವ ಹುಡುಗರು ಪುಷ್ಟಿಪುಡಿ ಕೊಳ್ಳುವ ಮುನ್ನ ಇದನ್ನು ಯೋಚಿಸಲಿ.

ಹೊರಗಿನಿಂದ ಹಾರ್ಮೋನು ಬರತೊಡಗಿದರೆ ದೇಹವು ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಮದ್ದು ನಿಂತೊಡನೆ ಬಲ ಇಳಿದು ಮನಸ್ಸೂ ಮಂಕಾಗುತ್ತದೆ. ಆಗ ಮತ್ತೆ ಅದರ ಮೊರೆಹೋಗುವವರುಂಟು. ಈಗಾಗಲೇ ಸಿಕ್ಕಿಕೊಂಡವರು ನಾಚಿ ಮುಚ್ಚಿಡದೆ ವೈದ್ಯರ ಮುಂದೆ ನಿಜ ಹೇಳಲಿ. ಮನೆಯ ಹಿರಿಯರು ಗದರಿಸದೆ ಅವರ ಜೊತೆಯಲ್ಲಿ ಹೋಗಲಿ.