ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ

ತಿಂಡಿಯಲ್ಲಿ ಶೇಂಗಾ, ಹಾಲು, ಗೋಧಿಯ ಅಂಶ ಬೆರೆತಿದೆಯೇ ಎಂದು ಹೇಳುವ ಪರೀಕ್ಷೆ ಈಗ ಹೆಚ್ಚೆಂದರೆ ಕೆಲವು ಗಂಟೆಗಳ ಕೆಲಸ. ದೊಡ್ಡ ಪ್ರಯೋಗಾಲಯಗಳಲ್ಲಿ ಅದರ ಬಹುಭಾಗವನ್ನು ಯಂತ್ರವೇ ಮಾಡುತ್ತದೆ. ಇದು ದೊಡ್ಡ ಅನುಕೂಲ. ಆದರೆ ಅದರ ಜೊತೆಗೇ ಬೆಳೆದಿರುವ ಕೆಲವು ನಂಬಿಕೆಗಳು ಅಲರ್ಜಿಯ ಮಗುವಿರುವ ಮನೆಗೆ ಅಪಾಯ ತರಬಲ್ಲವು.

ನಂಬಿಕೆ: ಯಂತ್ರ ಮಾಡಿದ್ದರಲ್ಲಿ ತಪ್ಪಾಗದು.

ಯಂತ್ರದ ಪಾಲಿಗೆ ಬರುವುದು ಎಷ್ಟು ಎಂದು ಹತ್ತಿರದಿಂದ ನೋಡಿ. ಬಿಸ್ಕತ್ತನ್ನು ನುಣ್ಣಗೆ ಪುಡಿ ಮಾಡಿ, ಸುಮಾರು ಒಂದು ಗ್ರಾಂ ತೂಗಿ, ಬೆಚ್ಚಗಿನ ದ್ರಾವಣದಲ್ಲಿ ಕಲಕಿ, ತಿಳಿಯನ್ನು ಬೇರ್ಪಡಿಸುತ್ತಾರೆ. ಇಲ್ಲಿಯವರೆಗೆ ಹೆಚ್ಚಿನದೆಲ್ಲ ಕೈಕೆಲಸ. ಆ ತಿಳಿಯನ್ನು 96 ಗುಳಿಗಳ ತಟ್ಟೆಗೆ ಹನಿಸುವುದು, ತೊಳೆಯುವುದು, ಬಣ್ಣ ಅಳೆಯುವುದು ಯಂತ್ರದ್ದು. ಗುಳಿಯ ತಳದಲ್ಲಿ ಅಂಟಿಸಿರುವ ಪ್ರತಿಕಾಯಗಳು ಶೇಂಗಾ ಪ್ರೋಟೀನ್ ಸಿಕ್ಕರೆ ಹಿಡಿದುಕೊಳ್ಳುತ್ತವೆ. ಬಣ್ಣದ ದ್ರಾವಣ ಹಾಕಿದಾಗ ಗುಳಿ ನೀಲಿಯಾಗಿ, ಕೊನೆಗೆ ಆಮ್ಲ ಬಿದ್ದಾಗ ಹಳದಿಗೆ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಶೇಂಗಾ ಹೆಚ್ಚು. ಎಲೈಸಾ ಎಂದರೆ ಇದೇ. ಯಂತ್ರದ ಕೈ ದಣಿಯುವುದಿಲ್ಲ, ನಿಜ. ಆದರೆ ಒಂದು ಟನ್ ಹಿಟ್ಟಿನಲ್ಲಿ ಎಲ್ಲೋ ಬಿದ್ದ ಶೇಂಗಾ ಚೂರು ಆ ಒಂದು ಗ್ರಾಮಿಗೆ ಸಿಗದೇ ಹೋದರೆ ಯಂತ್ರವಾದರೂ ಏನು ಮಾಡೀತು? ಎಷ್ಟು ಚೀಲಗಳಿಂದ ಮಾದರಿ ತೆಗೆದರು ಎಂಬುದು ಯಂತ್ರದ ವೇಗಕ್ಕಿಂತ ಮುಖ್ಯ.

ನಂಬಿಕೆ: ಒಂದು ಪರೀಕ್ಷೆ ಮಾಡಿಸಿದರೆ ಇರುವುದೆಲ್ಲ ತಿಳಿಯುತ್ತದೆ.

ಪರೀಕ್ಷಾ ಕಿಟ್ ಯಾವುದನ್ನು ಹುಡುಕಲು ತಯಾರಾಗಿದೆಯೋ ಅದನ್ನಷ್ಟೇ ಹುಡುಕುತ್ತದೆ. ಹಾಲಿನ ಕೇಸೀನ್ ಹುಡುಕುವ ಕಿಟ್‌ಗೆ ಶುದ್ಧ ವ್ಹೇ ಪುಡಿ ಕಣ್ತಪ್ಪಬಹುದು. ಇಲ್ಲದ್ದನ್ನು ಕಂಡದ್ದೂ ಉಂಟು. 2015ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ಒಂದು ಜೀರಿಗೆ ಪುಡಿಯನ್ನು ಹಿಂದಕ್ಕೆ ತರಿಸಿದರು. ಎಲೈಸಾ ಅದರಲ್ಲಿ ಬಾದಾಮಿ ತೋರಿಸಿತ್ತು. ಮುಂದೆ ಸರ್ಕಾರಿ ರಸಾಯನತಜ್ಞರ ಪ್ರಯೋಗಾಲಯ ಡಿಎನ್‌ಎ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಎರಡರಿಂದಲೂ ಕೆದಕಿ ನೋಡಿದಾಗ ಸಿಕ್ಕಿದ್ದು ಮಹಲೇಬ, ಅಂದರೆ ಬಾದಾಮಿಯ ಕುಲಕ್ಕೇ ಸೇರಿದ ಒಂದು ಚೆರ್ರಿಯ ಬೀಜ. ಎರಡರ ಪ್ರೋಟೀನ್‌ಗಳು ಅಷ್ಟು ಹತ್ತಿರದವು. ಒಂದು ವಿಧಾನದ ಉತ್ತರವನ್ನು ಬೇರೊಂದು ವಿಧಾನದಿಂದ ಒರೆಗೆ ಹಚ್ಚಬೇಕು ಎಂದು ತಜ್ಞರು ಪಟ್ಟು ಹಿಡಿಯುವುದು ಇದಕ್ಕೇ.

ಪಿಸಿಆರ್ ಪರೀಕ್ಷೆ ಮಾಡಿಸಿದರೆ ಸಾಕು ಎನ್ನುವವರಿಗೂ ಒಂದು ಮಾತು. ಅದು ನೋಡುವುದು ಡಿಎನ್‌ಎಯನ್ನು, ಅಲರ್ಜಿ ತರುವುದು ಪ್ರೋಟೀನ್. ಕೋಳಿ ಮಾಂಸವನ್ನೂ ಕೋಳಿಮೊಟ್ಟೆಯನ್ನೂ ಅದು ಬೇರೆಬೇರೆಯಾಗಿ ಗುರುತಿಸಲಾರದು.

ನಂಬಿಕೆ: ಬೇಯಿಸಿದ, ಕರಿದ ಪದಾರ್ಥದಲ್ಲಿ ಅಲರ್ಜಿ ಅಂಶ ಉಳಿಯದು, ಪರೀಕ್ಷೆಯಲ್ಲೂ ಕಾಣಲಿಲ್ಲವಲ್ಲ!

ಕಾಣದಿರುವುದೇ ತೊಡಕು. ಬಿಸಿಗೆ ಪ್ರೋಟೀನ್ ಮುದುಡಿ, ಹಿಟ್ಟಿಗೆ ಅಂಟಿಕೊಂಡು, ದ್ರಾವಣಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಕಿಟ್ ಕಡಿಮೆ ತೋರಿಸುತ್ತದೆ, ಆದರೆ ತಿಂದವರ ಮೈ ಅದನ್ನು ಗುರುತಿಸಬಹುದು. ಹುರಿದ ಶೇಂಗಾ ಹುರಿಯದ್ದಕ್ಕಿಂತ ಸೌಮ್ಯವೇನಲ್ಲ. 10 ಪಿಪಿಎಂ (ಕಿಲೋಗೆ 10 ಮಿಲಿಗ್ರಾಂ) ಮಟ್ಟವನ್ನೇ ಆಧಾರವಾಗಿಟ್ಟುಕೊಂಡ ಜಪಾನಿನಲ್ಲಿ, ಬೆಂದ ಪ್ರೋಟೀನನ್ನು ಬಿಡಿಸಿಕೊಳ್ಳಲೆಂದೇ ತೀಕ್ಷ್ಣ ದ್ರಾವಣಗಳ ಕಿಟ್‌ಗಳನ್ನು ರೂಪಿಸಿದರು.

ಗೆರೆ ಮೂಡಿಸಿ ಫಲಿತಾಂಶ ತೋರಿಸುವ ಪರೀಕ್ಷಾ ಪಟ್ಟಿಗಳ ವಿಷಯದಲ್ಲಿ ಇದರ ತಿರುವುಮುರುವು ಕಷ್ಟವಿದೆ. ಅಲರ್ಜಿ ಅಂಶ ವಿಪರೀತ ಹೆಚ್ಚಿದ್ದರೆ ಪ್ರತಿಕಾಯಗಳೆಲ್ಲ ತುಂಬಿಹೋಗಿ ಗೆರೆಯೇ ಮೂಡದೆ ಇರಬಹುದು. ಅನುಭವಿಗಳು ಅದೇ ಮಾದರಿಯನ್ನು ತೆಳುಮಾಡಿ ಇನ್ನೊಮ್ಮೆ ಪಟ್ಟಿಗೆ ಹಾಕುತ್ತಾರೆ.

ನಂಬಿಕೆ: ‘ಪತ್ತೆಯಾಗಿಲ್ಲ’ ಎಂದರೆ ಸೊನ್ನೆ.

ಅದರ ಅರ್ಥ, ಕಿಟ್‌ನ ಮಿತಿಗಿಂತ ಕಡಿಮೆ ಎಂದು ಮಾತ್ರ. ಮಿತಿ ಕಿಲೋಗೆ 2.5 ಮಿಲಿಗ್ರಾಂ ಶೇಂಗಾ ಪ್ರೋಟೀನ್ ಎಂದಿಟ್ಟುಕೊಳ್ಳಿ. 100 ಗ್ರಾಂ ತಿಂದರೆ ಹೆಚ್ಚೆಂದರೆ 0.25 ಮಿಲಿಗ್ರಾಂ ಹೊಟ್ಟೆಗೆ ಹೋದೀತು. ಶೇಂಗಾ ಪ್ರೋಟೀನ್‌ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಸೂಚಿಸಿರುವ ಆಧಾರ ಪ್ರಮಾಣ 2 ಮಿಲಿಗ್ರಾಂ. ಹಾಗಾಗಿ ಆ ವರದಿ ಧೈರ್ಯ ಕೊಡುವಂಥದ್ದೇ. ಪರೀಕ್ಷಿಸಿದ ಮಾದರಿಯ ಮಟ್ಟಿಗೆ, ಕಿಟ್ ಹುಡುಕಿದ ಅಂಶದ ಮಟ್ಟಿಗೆ.

ಹಾಗಾದರೆ ಏನನ್ನು ಹುಡುಕಿಸಬೇಕು? ನಮ್ಮಲ್ಲಿ ಲೇಬಲ್ ನಿಯಮ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ, ಬಾದಾಮಿ-ಗೋಡಂಬಿಯಂಥ ಬೀಜಗಳು, ಸೋಯಾ ಮತ್ತು ಸಲ್ಫೈಟ್‌ಗಳನ್ನು ಹೆಸರಿಸುತ್ತದೆ. ಯುರೋಪಿನ 14ರ ಪಟ್ಟಿಯಲ್ಲಿ ಸಾಸಿವೆ, ಎಳ್ಳೂ ಇವೆ. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಶೇಂಗಾ ಅಲರ್ಜಿ ಇರುವವರು ಸಾಸಿವೆ ಬೆರೆತ ಯಾವ ಆಹಾರವನ್ನೂ ಸದ್ಯಕ್ಕೆ ತಿನ್ನಬೇಡಿ ಎಂದು ಎಚ್ಚರಿಸಿತು. ಶೇಂಗಾ ಬೆರೆತಿದ್ದ ಆ ಸಾಸಿವೆಯ ಮೂಲ ಭಾರತವೆಂದು ತನಿಖೆ ಹೇಳಿತು. ಸಾಸಿವೆ ಮಾರುವವರು ಅದರಲ್ಲಿ ಶೇಂಗಾ ಹುಡುಕಿಸಬೇಕು; ಕೊಳ್ಳುವ ಉಪ್ಪಿನಕಾಯಿ, ಸಾಸ್ ತಯಾರಕರು ವರದಿ ಕೇಳುವಾಗ ಯಾವ ಪ್ರೋಟೀನ್ ಹುಡುಕಿದರು, ಮಿತಿ ಎಷ್ಟು, ಎಷ್ಟು ಚೀಲಗಳ ಮಾದರಿ ಎಂಬ ಮೂರನ್ನೂ ಬರೆಸಿಕೊಳ್ಳಬೇಕು.