ಮೂವರ ಗೆಳೆತನ

ಗೆಳೆತನವು ಸಮಾನ ವಯಸ್ಸಿನವರ ನಡುವೆ ಮಾತ್ರ ಬೆಳೆಯತಕ್ಕದ್ದೆಂದು ಹಲವರು ಭಾವಿಸುತ್ತಾರೆ. ಲೋಕಾನುಭವವು ಈ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತ ಅಜ್ಜ, ಶಾಲೆಯಿಂದ ಹಿಂದಿರುಗಿದ ಮೊಮ್ಮಗ, ಅವರ ಕಾಲ ಬಳಿ ಮುದುರಿ ಮಲಗಿದ ನಾಯಿ, ಈ ಮೂವರನ್ನು ಯಾರು ತಾನೇ ಕಂಡಿಲ್ಲ? ದುಡಿಯುವ ವಯಸ್ಸಿನವರಿಗೆ ನೂರೆಂಟು ಕೆಲಸಗಳು. ಈ ಮೂವರಿಗಾದರೋ ಒಬ್ಬರಿಗೊಬ್ಬರು ಕೊಡಲು ಬೇಕಾದಷ್ಟು ಹೊತ್ತಿದೆ. ಆ ಬಿಡುವೇ ಅವರ ಸ್ನೇಹದ ಮೊದಲ ಬಂಡವಾಳ.

ಈ ಸ್ನೇಹವು ಇಂದು ನಿನ್ನೆಯದಲ್ಲ. ಮಾನವನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಅವನು ಬೇಸಾಯವನ್ನು ಕಲಿಯುವುದಕ್ಕೆ ಮುಂಚೆಯೇ, ಬೇಟೆಯಾಡುತ್ತ ಅಲೆಯುತ್ತಿದ್ದ ಕಾಲದಲ್ಲಿಯೇ, ತೋಳದ ಸಂತತಿಯೊಂದು ಅವನ ಸಂಗಡ ಬಾಳಲು ಕಲಿತು ನಾಯಿಯಾಯಿತು. ಇಸ್ರೇಲಿನ ಉತ್ತರ ಭಾಗದ ಐನ್ ಮಲ್ಲಾಹ ಎಂಬಲ್ಲಿ ಸುಮಾರು 12,000 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದು ದೊರೆತಿದೆ. ಅದರ ವಿವರಗಳು 1978ರಲ್ಲಿ ಪ್ರಕಟವಾದುವು. ಅಲ್ಲಿ ವಯಸ್ಸಾದ ವ್ಯಕ್ತಿಯೊಬ್ಬರ ಕೈಮೂಳೆಗಳು ಪಕ್ಕದಲ್ಲಿದ್ದ ನಾಯಿಮರಿಯ ಅಸ್ಥಿಗಳ ಮೇಲೆ ಇದ್ದುವು. ಹೂಳಿದವರು ಅವರಿಬ್ಬರನ್ನೂ ಒಟ್ಟಿಗೇ ಮಲಗಿಸಿದ್ದರು.

ನಾಯಿಗೆ ಸಂದ ಗೌರವಕ್ಕೆ ನಮ್ಮ ನಾಡಿನಲ್ಲಿಯೂ ಕಲ್ಲಿನ ಸಾಕ್ಷ್ಯವುಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಹತ್ತನೆಯ ಶತಮಾನದ ನಡುಭಾಗದ್ದು. ದೊರೆಯು ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯು ಕಾಡುಹಂದಿಯೊಡನೆ ಸೆಣಸಿ, ಹಂದಿಯೊಂದಿಗೇ ಮಡಿಯಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು.

ವೀರರ ಬಾಳಿನಲ್ಲಿ ನಾಯಿಯ ಸ್ಥಾನ ಇಂಥದಾದರೆ, ಮನೆಯ ಬಾಳಿನಲ್ಲಿ ಅದು ಇನ್ನೂ ಮೃದುವಾದುದು. ನಾಯಿಯೂ ಅದನ್ನು ಸಾಕಿದವರೂ ಪರಸ್ಪರ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ತಾಯಿ ಮಕ್ಕಳ ನಂಟನ್ನು ಬಲಪಡಿಸುವುದೂ ಇದೇ. ಮಾತು ಕಲಿಯುತ್ತಿರುವ ಮಗುವಿಗೂ, ಕಿವಿ ಮಂದವಾದ ಮುದುಕರಿಗೂ ಮಾತೇ ಬೇಡದ ಈ ಸ್ನೇಹವು ಎಷ್ಟು ಹಿತಕರ!

ಇದಕ್ಕಿಂತ ಆಳವಾದ ಪಾಠವೊಂದು ಈ ಗೆಳೆತನದಲ್ಲಿ ಅಡಗಿದೆ. ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 13 ವರ್ಷ. ಮಗು ಹುಟ್ಟಿದ ವರ್ಷವೇ ಮನೆಗೆ ಬಂದ ಮರಿಯು ಎರಡು ವರ್ಷಗಳಲ್ಲಿ ಯೌವನಕ್ಕೆ ಕಾಲಿಡುತ್ತದೆ. ಬಾಲಕನು ಐದನೆಯ ತರಗತಿಯನ್ನು ಸೇರುವಷ್ಟರಲ್ಲಿ ಮುದಿಯಾಗಿರುತ್ತದೆ. ಮೂತಿಯ ಕೂದಲು ನರೆಯುತ್ತದೆ, ಕಣ್ಣು ಮಂಜಾಗುತ್ತದೆ, ಮೆಟ್ಟಿಲನ್ನೇರಲು ಕಾಲು ಹಿಂಜರಿಯುತ್ತದೆ. ಮಗುವಿನ ಜೊತೆಗಾರನಾಗಿ ಬಂದದ್ದು ಅಜ್ಜನ ಓರಗೆಯದಾಗಿಬಿಡುತ್ತದೆ. ಕರೆದ ಕೂಡಲೆ ಅದೇಕೆ ಓಡಿಬರುವುದಿಲ್ಲವೆಂದು ಬಾಲಕನು ಕೇಳಿದರೆ, "ನನ್ನ ಮೊಣಕಾಲಿನಂತೆಯೇ ಅದರದ್ದೂ, ಮಗು" ಎಂದು ಉತ್ತರಿಸಬಲ್ಲವರು ಅಜ್ಜನೇ. ಅಂದಿನಿಂದ ಬಾಲಕನು ನಾಯಿಗಾಗಿ ಮಾತ್ರವಲ್ಲ, ಅಜ್ಜನಿಗಾಗಿಯೂ ತನ್ನ ನಡಿಗೆಯನ್ನು ನಿಧಾನಗೊಳಿಸುತ್ತಾನೆ.

ಸ್ನೇಹವೆಂದರೆ ಮುದ್ದಾಟವಷ್ಟೇ ಅಲ್ಲ. ಅದು ಹೊಣೆಯೂ ಹೌದು. ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡಬೇಕು, ತಪ್ಪದೆ ಲಸಿಕೆ ಹಾಕಿಸಬೇಕು. ಉಣ್ಣುವ ಅಥವಾ ಮಲಗಿದ ನಾಯಿಯನ್ನು ಕೆಣಕಬಾರದು. ಬಲವಾದ ನಾಯಿಯು ಎಳೆದಾಗ ವೃದ್ಧರು ಬೀಳುವ ಅಪಾಯವಿರುವುದರಿಂದ ಅದರ ಹಗ್ಗವನ್ನು ಅವರ ಕೈಗೆ ಕೊಡಬಾರದು. 1885ರಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಲಸಿಕೆ ನೀಡಿದನು, ಬಾಲಕನು ಉಳಿದನು. ಆದರೆ ರೋಗಲಕ್ಷಣಗಳು ತೋರಿದ ಮೇಲೆ ಬದುಕುವುದು ದುಸ್ತರ. ಆದುದರಿಂದ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗಬೇಕು. ಬೈಗುಳಕ್ಕೆ ಅಂಜಿ ಮಕ್ಕಳು ಗಾಯವನ್ನು ಮರೆಮಾಚುವುದುಂಟು. ಅಂಥ ಸಂಗತಿಯನ್ನು ಅಳುಕದೆ ಹೇಳಿಕೊಳ್ಳಬಹುದಾದ ಅಜ್ಜನೋ ಅಜ್ಜಿಯೋ ಮನೆಯಲ್ಲಿರುವುದು ದೊಡ್ಡ ಭಾಗ್ಯ.

ಈ ಮೂವರಲ್ಲಿ ಅನೇಕ ವೇಳೆ ಮೊದಲು ಅಗಲುವುದು ನಾಯಿ. ಆಗ ಅಳುವ ಮಗುವನ್ನು ಬೇರೊಂದು ಮರಿಯನ್ನು ತರುವೆವೆಂದು ಸುಮ್ಮನಾಗಿಸುವುದು ಸುಲಭ. ಅಗಲಿಕೆಯನ್ನು ಹಲವು ಸಲ ಕಂಡುಂಡ ಹಿರಿಯರು ಹಾಗೆ ಮಾಡುವುದಿಲ್ಲ. ಅವರು ಮಗುವಿನ ಪಕ್ಕದಲ್ಲಿ ಕುಳಿತು, ಹೋದ ಗೆಳೆಯನ ಗುಣಗಳನ್ನು ಅದರೊಡನೆ ನೆನೆಯುತ್ತಾರೆ. ಮುದಿನಾಯಿಯನ್ನು ಬೀದಿಗಟ್ಟದೆ ಕೊನೆಯವರೆಗೂ ಸಲಹಿದ ಮನೆಯಲ್ಲಿ ಬೆಳೆದ ಮಗುವು, ಮುಂದೆ ಯಾರ ಮುಪ್ಪನ್ನೂ ಹೊರೆಯೆಂದು ಎಣಿಸಲಾರದು.