ಮಗು ಆಸ್ಪತ್ರೆಯಲ್ಲಿರುವಾಗ ವಾಳೆಯವರ ಕೆಲಸ

ಆಟಿಯ ಮಳೆ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಅಡಿಕೆಗೆ ಎರಡನೆಯ ಮದ್ದು ಬಿಟ್ಟು ಮುಗಿಸಬೇಕು. ಅದೇ ವಾರ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಮಂಗಳೂರಿನ ವೈದ್ಯರು ಹೇಳಿದರೆ ತಂದೆಯಾದವನು ಏನು ಮಾಡಿಯಾನು? ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಂದು ಕುಟುಂಬಕ್ಕೆ ಹೀಗೇ ಆಯಿತು. ತಾಯಿ ಮಗುವಿನ ಹಾಸಿಗೆಯ ಬಳಿ, ತಂದೆ ತಲಪಾಡಿ ದಾರಿಯ ಬಸ್ಸಿನಲ್ಲಿ. ಮನೆಯಲ್ಲಿ ಮುದಿ ಅಜ್ಜಿ, ಶಾಲೆಗೆ ಹೋಗುವ ತಮ್ಮ, ಕರೆಯುವ ದನ ಎರಡು.

ನಾವು ಮೊದಲು ಮಾಡಿದ್ದು ತಪ್ಪನ್ನೇ. ಆದಿತ್ಯವಾರದ ಪೂಜೆ ಮುಗಿದೊಡನೆ ಎರಡು ಜೀಪುಗಳಲ್ಲಿ ಹದಿನೆಂಟು ಮಂದಿ, ಹಣ್ಣು ಬಿಸ್ಕತ್ತು ಹಿಡಿದು ಆಸ್ಪತ್ರೆಗೆ ಹೋದೆವು. ದಾದಿಯೊಬ್ಬರು ಬಾಗಿಲಲ್ಲೇ ತಡೆದರು. ಪಾದ್ರಿಯನ್ನೂ ಬಿಡುವುದಿಲ್ಲವೇ ಎಂದು ನಮಗೆ ಸಿಟ್ಟೂ ಬಂತು. ವೈದ್ಯರು ತಿಳಿಸಿ ಹೇಳಿದ ಮೇಲೆ ನಾಚಿಕೆಯಾಯಿತು. ಈ ರೋಗಕ್ಕೆ ಕೊಡುವ ಔಷಧಿಯು ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ನಮಗೆ ಮೂರು ದಿನದ ಶೀತ, ಆ ಮಗುವಿಗೆ ಪ್ರಾಣಾಪಾಯ. ಕಫರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಬಳಿಗೆ ಹೊತ್ತು ತಂದವರು ನಾಲ್ವರು. ಬಾಗಿಲಿಗೆ ಅಡ್ಡ ನಿಂತದ್ದು ಜನಜಂಗುಳಿ. ಆ ದಿನ ನಾವು ಜಂಗುಳಿಯಾಗಿದ್ದೆವು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಪೂರ್ತಿ ಮಾಡಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಮೊದಲ ಒಂದೆರಡು ತಿಂಗಳಲ್ಲೇ ಮಗು ಚೇತರಿಸಿದಂತೆ ಕಾಣುತ್ತದೆ; ಇತ್ತ ತೋಟ ಹಾಳಾಗುತ್ತಿರುತ್ತದೆ, ಬ್ಯಾಂಕಿನ ಕಂತು ಬಾಕಿ. ಇನ್ನು ಸಾಕು ಎಂದು ಎಷ್ಟೋ ಮನೆಯವರು ನಡುವೆ ಬಿಟ್ಟುಬಿಡುತ್ತಾರೆ. ರೋಗ ಮರಳಿ ಬಂದರೆ ಗುಣಪಡಿಸುವುದು ಬಹಳ ಕಷ್ಟ. ಆದುದರಿಂದ ಅವರ ತೋಟ, ಹಟ್ಟಿ ನೋಡಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೆಂದೇ ತಿಳಿಯಿರಿ.

ಇದನ್ನು ಮೊದಲು ಅರಿತವರು ವಾಳೆಯ ಗುರಿಕಾರರು. ಏನಾದರೂ ಬೇಕಾದರೆ ಹೇಳಿ ಎಂದು ಅವರು ಹೇಳಲಿಲ್ಲ. ಕಷ್ಟದಲ್ಲಿರುವವರು ಬಾಯಿ ಬಿಟ್ಟು ಕೇಳುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಅಂದೇ ಬೋರ್ಡೋ ದ್ರಾವಣ ಕಲಸಿ, ಮರ ಹತ್ತುವವರನ್ನು ತಾವೇ ಕರೆತಂದು ಮದ್ದು ಬಿಡಿಸಿದರು. ಮೊದಲನೆಯದಾಗಿ ಆಗಲೇ ನಲವತ್ತೈದು ದಿನ ಕಳೆದಿತ್ತು. ಇನ್ನೂ ತಡವಾಗಿದ್ದರೆ ಕೊಳೆರೋಗಕ್ಕೆ ಫಸಲೇ ಹೋಗುತ್ತಿತ್ತು. ನೆರೆಮನೆಯ ಬ್ಯಾರಿ ಕುಟುಂಬದವರು ದನ ಕರೆದು ಹಾಲನ್ನು ಸೊಸೈಟಿಗೆ ಮುಟ್ಟಿಸಿದರು. ಹುಡುಗ ಗುರಿಕಾರರ ಮನೆಯಲ್ಲೇ ಉಂಡು ಶಾಲೆಗೆ ಹೋದ. ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಬಸ್ಸಿನ ಖರ್ಚನ್ನು ಗುಟ್ಟಾಗಿ ಕೊಟ್ಟರು. ಪೀಠದಿಂದ ನಾವು ಹೆಸರು ಹೇಳಲಿಲ್ಲ, ಹೇಳಲೂ ಬಾರದು.

ರಕ್ತದ ವಿಷಯ. ಪ್ಲೇಟ್ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯದು. ಒಂದೇ ದಿನ ಇಪ್ಪತ್ತು ಯುವಕರು ಹೋಗಿ ಕೊಟ್ಟು ಬರುವುದಕ್ಕಿಂತ, ಆಸ್ಪತ್ರೆಯವರು ಕರೆದಾಗ ಸರದಿಯಂತೆ ಹೋಗುವುದು ಮೇಲು. ವಯಸ್ಸು ೧೮ ತುಂಬಿ, ತೂಕ ೪೫ ಕಿಲೋ ಇದ್ದು, ರಕ್ತಹೀನತೆ ಇಲ್ಲದ ಆರೋಗ್ಯವಂತರು ಕೊಡಬಹುದು. ಒಮ್ಮೆ ಕೊಟ್ಟ ಗಂಡಸರು ೯೦ ದಿನ, ಹೆಂಗಸರು ೧೨೦ ದಿನ ಬಿಟ್ಟು ಮತ್ತೆ ಕೊಡಬಹುದು.

ಗಡಿಯ ಈಚೆಗಿನ ನಮಗೆ ಇನ್ನೊಂದು ಮಾತು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಸೌಲಭ್ಯವುಂಟು. ಕೇರಳದ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಸೇರಿಸಿದ ದಿನವೇ ಕೇಳಿ. ಬಿಲ್ಲು ಕೈಗೆ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ. ತಂದೆತಾಯಿಗೆ ಓಡಾಡಲು ಪುರುಸೊತ್ತಿಲ್ಲವಾದರೆ ಓದುಬರಹ ಬಲ್ಲ ಒಬ್ಬರು ಜೊತೆಗೆ ಹೋಗಲಿ.

ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಹಾಗೆ ಪಿಸುಗುಟ್ಟಿದವರೂ ನಮ್ಮಲ್ಲಿದ್ದರು. ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ.

ಮಗು ಮನೆಗೆ ಬಂದಿತೆಂದು ವಾಳೆಯವರು ಕೈಬಿಡಬೇಡಿ. ಚಿಕಿತ್ಸೆಯ ನಡುವೆ ಜ್ವರ ೧೦೦.೪ ಡಿಗ್ರಿ ಮುಟ್ಟಿದರೆ ಬೆಳಗಾಗಲು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಯಾವ ರಾತ್ರಿ ಯಾರ ವಾಹನ ಎಂಬುದನ್ನು ಬರೆದು, ಫೋನ್ ನಂಬರಿನ ಸಹಿತ ಆ ಮನೆಯ ಗೋಡೆಗೆ ಅಂಟಿಸಿ ಬನ್ನಿ.